ಹಿಂದಿನ ಕೋಣೆಯ ಕೆಳಗಿನ ‘ಏನೋ’

ನವನಗರ, ಬಾಗಲಕೋಟೆ
ಸೋಮವಾರ, ೧೪ ಜುಲೈ ೨೦೨೫

ತಮ್ಮ ಕಚೇರಿಯ ಆವಕ-ಜಾವಕ ವಿಭಾಗದ ಏಕಮೇವ ಅಧಿಪತಿಗಳೂ, ಸದ್ಯ ಬದಾಮಿಯಲ್ಲಿ ತಂಗಿಯ ಮನೆಯ ಮಂಚದ ಮೇಲೆ ಮುನಿಸಿಕೊಂಡು ಮಲಗಿರುವವರೂ, ಲಗ್ನಪತ್ರಿಕೆಯ ಪ್ರಕಾರ ನನ್ನ ಪತಿದೇವರೂ ಆದ ಶ್ರೀ ಪ್ರವೀಣಕುಮಾರ ಅವರಿಗೆ,

ಶೈಲಾ ಮಾಡುವ ನಮಸ್ಕಾರ. ನಾನೂ ಅತ್ತೆಯೂ ಕ್ಷೇಮ. ನಿಮ್ಮ ಕ್ಷೇಮ ವಿಚಾರಿಸುವ ಅಗತ್ಯವಿಲ್ಲ. ಅಣ್ಣ ಸಿಟ್ಟಿನಲ್ಲಿ ಮಾತು ಬಿಟ್ಟಿದ್ದಾನೆ, ರೊಟ್ಟಿ ಬಿಟ್ಟಿಲ್ಲ ಎಂದು ನೇತ್ರಾ ಫೋನಿನಲ್ಲಿ ವರದಿ ಒಪ್ಪಿಸುತ್ತಿದ್ದಾಳೆ.

ಫೋನಿನಲ್ಲೇ ನಿಮಗೂ ಬೈಯಬಹುದಿತ್ತು. ನೀವು ಎತ್ತುವುದಿಲ್ಲ. ಬಸ್ಸು ಹತ್ತಿ ಬಂದು ಬೈಯಬಹುದಿತ್ತು. ಆದರೆ ಹೊರಡುವಾಗ ಹೊಸ್ತಿಲ ಮೇಲೆ ನಿಂತು ನೀವು ಅಪ್ಪಣೆ ಕೊಡಿಸಿದ್ದೀರಿ: ‘ಏನಿದ್ರೂ ಬರದು ಕೊಡು. ಬಾಯಿಮಾತಿಗೆ ನಮ್ಮ ಆಫೀಸಿನ್ಯಾಗ ಕಿಮ್ಮತ್ತಿಲ್ಲ.’ ಆಗಲಿ. ಬರೆದೇ ಕೊಡುತ್ತಿದ್ದೇನೆ. ಸ್ಪೀಡ್ ಪೋಸ್ಟಿನಲ್ಲಿ ಬರುತ್ತದೆ, ಸಹಿ ಮಾಡಿ ತೆಗೆದುಕೊಳ್ಳತಕ್ಕದ್ದು.

ವಿಷಯ: ಕಮತಗಿಯ ಮನೆ ಕೊಳ್ಳುವ ಮುಂಚೆ ಇಂಜಿನಿಯರಿಗೆ ತೋರಿಸಬಾರದೆಂದು ತಾವು ಹಿಡಿದ ಹಟ.
ಉಲ್ಲೇಖ: ತಾವು ಬಾಗಿಲು ದಡಾರನೆ ಎಳೆದುಕೊಂಡು ಹೋದದ್ದು. (ಚಿಲಕ ಕಿತ್ತು ಬಂದಿದೆ. ಮಾಲೀಕರು ಬಂದು ನೋಡಿ ಹೋಗಿದ್ದಾರೆ.)

ಕಡತ ಎಂದರೆ ಮೊದಲ ಹಾಳೆಯಿಂದ ಇರಬೇಕು ಎನ್ನುವವರು ನೀವು. ಹಾಗಾಗಿ ಮೊದಲಿನಿಂದ ಬರೆಯುತ್ತೇನೆ. ಮದುವೆಯಾದಾಗಿನಿಂದ ನಮ್ಮದು ಬಾಡಿಗೆ ಮನೆ. ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಮಾಲೀಕರ ಮುಖ ನೋಡಬೇಕು. ಹೀಗಿರುವಾಗ ನಿಮ್ಮ ಬಾಲ್ಯದ ಗೆಳೆಯ ಶಂಕರಲಿಂಗ ಕಮತಗಿಯ ತನ್ನ ಹಳೆಯ ಮನೆ ಮಾರುತ್ತಾನೆ ಎಂದು ನೀವು ಹೇಳಿದಾಗ ನಾನೂ ಹಿಗ್ಗಿದೆ. ನಾನು ಕಲಿಸುವ ಶಾಲೆಗೆ ಹತ್ತಿರ. ಅತ್ತೆಗೆ ಕಟ್ಟೆಯ ಮೇಲೆ ಕುಳಿತು ಮಾತಾಡಲು ಒಂದು ಓಣಿ. ಶ್ರಾವಣದ ಮೊದಲ ಸೋಮವಾರ ಮುಂಗಡ ಇಸಾರ ಕೊಡುವುದೆಂದು ನೀವೇ ನಿಶ್ಚಯಿಸಿದಿರಿ. ನಾನು ಕೇಳಿದ್ದು ಒಂದೇ. ಇಸಾರ ಕೊಡುವ ಮುಂಚೆ ಒಬ್ಬ ಒಳ್ಳೆಯ ಇಂಜಿನಿಯರ ಕಡೆಯಿಂದ ಮನೆ ಪರೀಕ್ಷೆ ಮಾಡಿಸೋಣ ಎಂದೆ.

ಅಯ್ಯೋ, ನೀವು ಎದ್ದು ನಿಂತ ಪರಿ! ‘ಶಂಕ್ರ್ಯಾನ ಮನಿಗೆ ಟೇಪ ಹಿಡ್ಕೊಂಡು ಹೋಗೂದಂದ್ರ ಅವನ ಮಾರಿಗೆ ಉಗುಳಿದಂಗ. ನಾ ನೋಡೇನಿ. ಮನಿ ಉಕ್ಕಿನಂಗ ಐತಿ.’

ನೀವು ನೋಡಿದ್ದನ್ನು ನಾನೂ ನೋಡಿದ್ದೇನೆ. ಗೋಡೆಗೆ ಬೆರಳ ಗೆಣ್ಣಿನಿಂದ ಕುಟ್ಟಿ ವೈದ್ಯರ ಹಾಗೆ ‘ಹೂಂ’ ಎಂದಿರಿ. ಬಾಗಿಲ ಚೌಕಟ್ಟಿಗೆ ಗೇಣು ಹಾಕಿ ವಾಸ್ತುವಿನ ಆಯ ಕೂಡುತ್ತದೆ ಎಂದಿರಿ. ನಲ್ಲಿ ತಿರುವಿದಿರಿ, ನೀರು ಬರಲಿಲ್ಲ. ಶಂಕರಲಿಂಗ ಬಾಯಿ ತೆರೆಯುವ ಮೊದಲೇ ‘ಇವತ್ತ ನಮ್ಮ ನೀರಿನ ಪಾಳಿ ಇರಾಕಿಲ್ಲ’ ಎಂದು ಅವನ ಪರವಾಗಿ ನೀವೇ ಸಮಾಧಾನ ಹೇಳಿದಿರಿ. ಆಮೇಲೆ ಚೂಡಾ, ಚಹಾ. ಅಲ್ಲಿಗೆ ತಮ್ಮ ತಪಾಸಣೆ ಮುಕ್ತಾಯ. ಕೊತ್ತಂಬರಿ ಸಿವುಡಿಗೂ ಚೌಕಾಶಿ ಮಾಡುವ ಮನುಷ್ಯ, ಮನೆಗೆ ಅವನು ಹೇಳಿದ ಬೆಲೆಗೇ ತಲೆಯಾಡಿಸಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಇದೇ ನೀವು ನೇತ್ರಾಳಿಗೆ ಸೀರೆ ತರಲು ಇಳಕಲ್ಲಿಗೆ ಹೋದಾಗ ಏನು ಮಾಡಿದಿರಿ? ಅಂಗಡಿಯ ಬಂದೇನವಾಜ ಅವರ ಕೈ ಸೋಲುವವರೆಗೆ ಸೀರೆ ಬಿಚ್ಚಿಸಿದಿರಿ. ಒಡಲಿಗೆ ಸೆರಗು ಕೂಡಿಸಿದ ಜಾಗವನ್ನು ಬೆಳಕಿಗೆ ಹಿಡಿದು, ಜಗ್ಗಿ, ‘ಕೂಡಿದ ಜಾಗ ಗಟ್ಟಿ ಇದ್ರ ಸೀರಿ ಗಟ್ಟಿ, ತಿಳೀತಿಲ್ರಿ?’ ಎಂದು ಅವರಿಗೇ ಪಾಠ ಹೇಳಿದಿರಿ. ‘ಹೌದ್ರಿ ಸಾಹೇಬ್ರ, ಇಷ್ಟ ದಿನಾ ನಮಗ ಗೊತ್ತಽ ಇದ್ದಿಲ್ಲ ನೋಡ್ರಿ’ ಎಂದರು ಅವರು. ಅದು ಚೇಷ್ಟೆ ಎಂದು ಅಂಗಡಿಯಲ್ಲಿದ್ದ ಎಲ್ಲರಿಗೂ ತಿಳಿಯಿತು, ನಿಮ್ಮೊಬ್ಬರನ್ನು ಬಿಟ್ಟು. ಹೋಗಲಿ. ಸೀರೆಯ ಕೂಡಿದ ಜಾಗ ಹುಡುಕುವ ಕಣ್ಣಿಗೆ ಮನೆಯ ಕೂಡಿದ ಜಾಗ ಕಾಣಲಿಲ್ಲವೇ?

ಕಾಣಲಿಲ್ಲ ಎಂದು ನಾನು ತಿಳಿದಿದ್ದೆ. ಅಷ್ಟು ಒಳ್ಳೆಯವಳು ನಾನು.

ಪ್ರಿಯದರ್ಶಿನಿಯನ್ನು ನಾನೇ ಗೊತ್ತುಮಾಡಿದೆ. ಕೊಳ್ಳುವವರ ಪರವಾಗಿ ಮನೆ ಪರೀಕ್ಷಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳುವ ಇಂಜಿನಿಯರ್ ಆಕೆ. ನಿಮಗೆ ಹೇಳದೆ ಹೋಗುವ ವಿಚಾರವಿತ್ತು. ಹೇಗೋ ವಾಸನೆ ಹಿಡಿದು ಬೆನ್ನು ಹತ್ತಿದಿರಿ. ಬಸ್ಸಿನಲ್ಲಿ ನಮ್ಮಿಬ್ಬರಿಗೂ ಸಂಬಂಧವೇ ಇಲ್ಲವೆಂಬಂತೆ ಕಿಟಕಿಗೆ ಮುಖ ಹಚ್ಚಿ ಕುಳಿತಿರಿ.

ಆಕೆ ಅಳತೆ ಹಿಡಿದಳು, ಮಾಳಿಗೆ ಹತ್ತಿದಳು, ಗೋಡೆಯ ತೇವ ನೋಡುವ ಯಂತ್ರ ಇಟ್ಟಳು. ಮುಂದಿನ ಮನೆ ಗಟ್ಟಿಯಾಗಿದೆ ಎಂದಳು. ಆಗ ನೀವು ಮೀಸೆ ಮುಟ್ಟಿಕೊಂಡದ್ದನ್ನು ನಾನು ಮರೆತಿಲ್ಲ. ಆಮೇಲೆ ಹಿಂದಿನ ಕೋಣೆ. ಹಳೆಯ ಗೋಡೆಗೆ ಹೊಸ ಗೋಡೆ ಕೂಡಿದ ಮೂಲೆಯಲ್ಲಿ ಒಂದು ದೊಡ್ಡ ಕ್ಯಾಲೆಂಡರು. ಅದೂ ಹೋದ ವರ್ಷದ್ದು. ಆಕೆ ಅದನ್ನು ತೆಗೆದಳು. ಹಿಂದೆ ಬೆರಳು ತೂರುವಷ್ಟು ಬಿರುಕು. ‘ಈ ಕೋಣಿ ಆಮ್ಯಾಲೆ ಕಟ್ಟ್ಯಾರ ಮೇಡಂ, ಮೊದಲ ಇಲ್ಲಿ ಹಿತ್ತಲ ಇದ್ದಿರಬೇಕು’ ಎಂದಳು. ಸಣ್ಣ ಸುತ್ತಿಗೆ ತೆಗೆದು ನೆಲದ ಫರಸಿ ಬಡಿಯುತ್ತ ಬಂದಳು. ಬಾಗಿಲ ಹತ್ತಿರ ಟಣ್. ಗೋಡೆಯ ಹತ್ತಿರ ಟಣ್. ಕೋಣೆಯ ನಡುವೆ ಧೊಬ್.

ನಾನು ಹಿಂದೆ ಸರಿದೆ. ನೀವು ಮುಂದೆ ಸರಿದಿರಿ! ‘ಏ ತಂಗಿ, ಯಾರ್ ಹೇಳ್ಯಾರ ನಿನಗ ಅಲ್ಲಿ ಬಡ್ಯಾಕ?’

‘ಕೆಳಗ ಪೊಳ್ಳ ಐತ್ರಿ ಸರ್. ತಗದು ನೋಡಬೇಕು. ಅಲ್ಲೀತನಕ ಇಲ್ಲಿ ಯಾರೂ ಮಲಗೂದು ಬ್ಯಾಡ.’

ನೀವು ಅತ್ತಿತ್ತ ನೋಡಿ ದನಿ ಇಳಿಸಿದಿರಿ. ‘ಹಾವ ಗೀವ ಏನಾರ ಕಂಡಿತೇನು?’

ಇಲ್ಲವೆಂದಳು. ನಿಮ್ಮ ಮುಖ ಬಾಡಿತು. ಕೊಳ್ಳುವ ಮನೆಯಲ್ಲಿ ಹಾವು ಇಲ್ಲವೆಂದು ಬೇಸರಪಟ್ಟ ಗೃಹಸ್ಥರನ್ನು ನಾನು ನೋಡಿದ್ದು ಅದೇ ಮೊದಲು. ಶಂಕರಲಿಂಗ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ತಟ್ಟೆಯನ್ನೇ ನೋಡುತ್ತಿದ್ದ.

ಆ ಕೋಣೆಯನ್ನು ಯಾರಿಗೆಂದು ಗೊತ್ತುಮಾಡಿದ್ದಿರಿ? ‘ಅವ್ವಗ ಇದಽ ಛಲೊ. ತಂಪ ಇರತೈತಿ. ನಟ್ಟನಡುವ ಮಂಚ ಹಾಕೂಣು’ ಎಂದು ಹೆಬ್ಬೆರಳಿನಿಂದ ಜಾಗವನ್ನೂ ಗುರುತಿಸಿ ತೋರಿಸಿದ್ದಿರಿ. ತಾಯಿಯ ಮೇಲೆ ಎಂಥ ಪ್ರೀತಿ ಎಂದು ಅವತ್ತು ನನ್ನ ಕಣ್ಣು ಒದ್ದೆಯಾಗಿತ್ತು. ಆ ಕಣ್ಣೀರನ್ನು ಈ ಪತ್ರದ ಮೂಲಕ ಹಿಂಪಡೆಯುತ್ತಿದ್ದೇನೆ.

ಮನೆಗೆ ಬಂದ ಮೇಲಿನ ಜಗಳ ನಿಮಗೂ ನೆನಪಿರಬೇಕು, ಪಕ್ಕದ ಮನೆಯವರಿಗೂ ಇದೆ. ನಾನು ನಿಮ್ಮ ಗೆಳೆತನಕ್ಕೆ ಮಸಿ ಬಳಿದವಳು, ಸಂಶಯದ ಪಿಶಾಚಿ, ನಾಲ್ಕು ಜನರಲ್ಲಿ ನಿಮ್ಮ ಮಾನ ಕಳೆದವಳು. ಇಷ್ಟನ್ನೂ ಹೇಳಿ ಬದಾಮಿ ಬಸ್ಸು ಹತ್ತಿದಿರಿ.

ಮರುದಿನ ಕಪಾಟಿನ ಹಿಂದೆ ಕಸ ಹೊಡೆಯುತ್ತಿದ್ದೆ. ಕಸಬರಿಗೆಗೆ ಏನೋ ತಾಕಿತು. ಎಳೆದು ನೋಡಿದರೆ, ನಿಮ್ಮ ಹಳೆಯ ಧೋತರದಲ್ಲಿ ಎಳೆಗೂಸಿನ ಹಾಗೆ ಸುತ್ತಿಟ್ಟ ಹೊಸ ಹಾರೆ! ಕಾಗದಕ್ಕೆ ಟಾಚಣಿ ಚುಚ್ಚಲೂ ಸಿಪಾಯಿಯನ್ನು ಕೂಗುವವರು ಹಾರೆ ಕೊಂಡಿದ್ದೀರಿ. ಮೊದಲು ಅದು ನನ್ನ ತಲೆಗಾಗಿಯೇ ಇರಬೇಕೆಂದುಕೊಂಡೆ. ಅತ್ತೆಗೆ ತೋರಿಸಿದೆ. ಅವರು ಅದನ್ನು ಹೊರಳಿಸಿ ನೋಡಿ, ‘ಮೊನ್ನೆ ನನ್ನ ಕೇಳಿದ ನೋಡವಾ, ಅವ್ವಾ ನಿನಗ ನಿದ್ದಿ ಗಟ್ಟಿ ಹೌದಲ್ಲೊ ಅಂತ. ಮಗಗ ನನ್ನ ಕಾಳಜಿ ಐತಿ ಅನಕೊಂಡೆ’ ಎಂದರು.

ಹಾರೆ, ಹಾವು, ತಾಯಿಯ ಗಟ್ಟಿ ನಿದ್ದೆ. ಆಗ ನನಗೆ ಹೊಳೆಯಿತು. ಹೊಲದಲ್ಲಿ ಒಂದು ಕಲ್ಲು ಎದ್ದರೂ ಕೆಳಗೆ ಚಾಲುಕ್ಯರ ಹೊನ್ನಿದೆ, ಅದನ್ನು ಸರ್ಪ ಕಾಯುತ್ತಿದೆ ಎನ್ನುವವರು ನಮ್ಮ ಸೀಮೆಯಲ್ಲಿ ಬೇಕಾದಷ್ಟು ಮಂದಿ. ಅವರಲ್ಲೊಬ್ಬರಿಗೆ ನಾನೇ ದಿನಾ ಡಬ್ಬಿ ಕಟ್ಟಿ ಕಳಿಸುತ್ತಿದ್ದೇನೆ ಎಂದು ಮಾತ್ರ ಗೊತ್ತಿರಲಿಲ್ಲ.

ನಿನ್ನೆ ನಾನು, ಅತ್ತೆ, ಪ್ರಿಯದರ್ಶಿನಿ ಕಮತಗಿಗೆ ಹೋದೆವು. ನಿಮ್ಮ ಹಾರೆಯನ್ನೂ ಕರೆದೊಯ್ದೆವು, ಪಾಪ, ಕಪಾಟಿನ ಹಿಂದೆ ಅದಕ್ಕೂ ಉಸಿರು ಕಟ್ಟಿರಬೇಕು. ನೆಲ ತೆಗೆದು ತೋರಿಸಿದರೆ ವ್ಯವಹಾರ, ಇಲ್ಲದಿದ್ದರೆ ಇಲ್ಲ ಎಂದು ಶಂಕರಲಿಂಗನಿಗೆ ಹೇಳಿದೆ. ತಲೆ ಕೆರೆದುಕೊಂಡು ಒಪ್ಪಿದ. ಓಣಿಯ ಗಂಡಸರು ನಿಮ್ಮ ಹಾರೆಯಿಂದಲೇ ಫರಸಿ ಎಬ್ಬಿಸಿದರು. ಕೆಳಗೆ ಮಣ್ಣು, ಮಣ್ಣಿನ ಕೆಳಗೆ ಒಂದು ಚಪ್ಪಡಿ. ಚಪ್ಪಡಿ ಸರಿದಾಗ ಕರಿ ಬಾಯಿ, ಕಮಟು ವಾಸನೆ. ‘ಯಾರೂ ಬಗ್ಗಬ್ಯಾಡ್ರಿ, ಒಳಗ ಕೆಟ್ಟ ಗಾಳಿ ಇರತೈತಿ’ ಎಂದು ಪ್ರಿಯದರ್ಶಿನಿ ಎಲ್ಲರನ್ನೂ ಹಿಂದೆ ದೂಡಿ, ದೂರದಿಂದಲೇ ಬ್ಯಾಟರಿ ಬಿಟ್ಟಳು.

ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು. ‘ಅಯ್ಯ ನನ್ನ ಶಿವನ, ಹಗೇವ ಇದು!’

ಹಗೇವು, ಪತಿದೇವರೇ. ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ, ಬಾಯಿ ಸಣ್ಣ ಹೊಟ್ಟೆ ದೊಡ್ಡ ಹಳೆಯ ಕಾಲದ ಕಣಜ. ಶಂಕರಲಿಂಗನ ಅಪ್ಪ ಅದನ್ನು ಮಣ್ಣಿನಿಂದ ತುಂಬಿಸುವ ಬದಲು ಬಾಯಿಗೊಂದು ಚಪ್ಪಡಿ ಎಳೆದು ಮೇಲೆ ಕೋಣೆ ಕಟ್ಟಿಸಿದ್ದಾರೆ. ಹಿಂದಿನ ಗೋಡೆ ನಿಂತಿರುವುದು ಆ ದೊಡ್ಡ ಹೊಟ್ಟೆಯ ಮೇಲೆ. ಬಿರಿಯದೆ ಏನು ಮಾಡೀತು? ತಳದಲ್ಲಿ ಕರಿಗಟ್ಟಿದ ಜೋಳದ ಹೊಟ್ಟು ಬಿಟ್ಟರೆ ಇನ್ನೇನೂ ಇಲ್ಲ. ಸರ್ಪವೂ ಇಲ್ಲ. ಹೊಟ್ಟು ಕಾಯಲು ಅದಕ್ಕೇನು ಬಂದಿದೆ?

‘ನಮ್ಮವರಿಗೆ ಏನ ಹೇಳಿದ್ದಿರಿ?’ ಎಂದು ಶಂಕರಲಿಂಗನನ್ನು ಕೇಳಿದೆ. ‘ನಾ ಸುಳ್ಳ ಹೇಳಿಲ್ರಿ ವೈನಿ. ಹಿಂದಿನ ಕೋಣಿ ನಡುವ ಬಡದ್ರ ಧೊಬ್ ಅಂತೈತಿ, ಕೆಳಗ ಏನೋ ಐತಿ ಅಂದೆ. ಏನೈತಿ ಅಂತ ಅವ ಕೇಳಲಿಲ್ಲ, ನಾ ಹೇಳಲಿಲ್ಲ. ಅವನ ಕಣ್ಣ ಹೊಳದುವು. ಆವತ್ತಿಂದ ರೇಟಿನ ಮಾತಽ ತಗೀಲಿಲ್ಲ. ನಾನ್ಯಾಕ ತಗೀಲಿ?’

ಏನೋ! ಎರಡೇ ಅಕ್ಷರಕ್ಕೆ ನೀವು ಮನೆ ಕೊಳ್ಳಲು ಹೊರಟಿರಿ. ಅವನು ನಿಮಗೆ ಗೊತ್ತಾಗದಂತೆ ಹಗೇವು ಮಾರುವವನು, ನೀವು ಅವನಿಗೆ ಗೊತ್ತಾಗದಂತೆ ಹೊನ್ನು ಎತ್ತುವವರು. ಇದರ ಹೆಸರು ಬಾಲ್ಯದ ಗೆಳೆತನ. ಇದರ ಮಾನ ಹೋಗುತ್ತದೆಂದು ನಾನು ಟೇಪು ಹಿಡಿಯಬಾರದು!

ಇನ್ನು ನಗೆಚಾಟಿಕೆ ಸಾಕು. ಆ ಚಪ್ಪಡಿಯ ಒಂದು ಅಂಚು ಸೀಳಿತ್ತು. ಪ್ರಿಯದರ್ಶಿನಿ ಕೈಯಿಟ್ಟು ತೋರಿಸಿದಳು. ಮೇಲೆ ಮಂಚ, ಮಂಚದ ಮೇಲೆ ಮನುಷ್ಯರ ಭಾರ ಬಿದ್ದರೆ ಎಷ್ಟು ದಿನ ತಡೆಯುತ್ತಿತ್ತೋ ಹೇಳಲಾಗದು ಎಂದಳು. ಕೆಳಗೆ ಪೊಳ್ಳಿದೆ ಎಂದು ನಿಮಗೆ ಗೊತ್ತಿತ್ತು. ಗೊತ್ತಿದ್ದೇ ಅದರ ಮೇಲೆ ಹೆತ್ತ ತಾಯಿಯನ್ನು ಮಲಗಿಸಲು ಹೊರಟಿರಿ, ಮುದುಕಿಯ ಮಂಚದ ಕೆಳಗೆ ಯಾರೂ ಹಣಕುವುದಿಲ್ಲವೆಂದು. ಜೋಳ ಇಟ್ಟವರಾದರೂ ಹುಳ ಬೀಳದ ಹಾಗೆ ನೋಡಿ ಇಡುತ್ತಿದ್ದರು.

ಅತ್ತೆಯ ನಗು ಅಲ್ಲಿಯೇ ನಿಂತಿತು. ಬಸ್ಸಿನಲ್ಲಿ ಒಂದೇ ಮಾತು ಕೇಳಿದರು. ‘ಅವಗ ಗೊತ್ತಿತ್ತೇನವಾ?’ ನಾನು ಕೇಳಿಸದವಳಂತೆ ಟಿಕೇಟು ಹುಡುಕತೊಡಗಿದೆ. ಆ ಪ್ರಶ್ನೆಗೆ ಉತ್ತರ ನೀವೇ ಕೊಡಬೇಕು. ಬಂದು, ಅವರ ಎದುರು ಕುಳಿತು, ಬಾಯಿಮಾತಿನಲ್ಲಿ. ಅಲ್ಲಿ ನಿಮ್ಮ ಬರಹಕ್ಕೆ ಕಿಮ್ಮತ್ತಿಲ್ಲ.

ಮನೆಯ ವಿಚಾರವಾಗಿ ಆದೇಶ ಹೀಗಿದೆ. ಶ್ರಾವಣ ಸೋಮವಾರದ ಇಸಾರ ರದ್ದು.  ಆ ಕೋಣೆ ಕೆಡವಿ, ಹಗೇವಿಗೆ ಮಣ್ಣು ತುಂಬಿಸಿ ಗಟ್ಟಿಯಾಗಿ ದಮ್ಮಸು ಮಾಡಿಸಿ, ಪ್ರಿಯದರ್ಶಿನಿ ಮತ್ತೊಮ್ಮೆ ನೋಡಿ ಒಪ್ಪಿದರೆ ಮಾತ್ರ ಮುಂದಿನ ಮಾತು ಎಂದು ಶಂಕರಲಿಂಗನಿಗೆ ಹೇಳಿ ಬಂದಿದ್ದೇನೆ. ಬೇರೆ ಮನೆ ನೋಡುವುದಾದರೂ ಮೊದಲು ಆಕೆ ಒಳಗೆ ಹೋಗುತ್ತಾಳೆ, ಆಮೇಲೆ ನಾನು. ನೀವು ಹೊರಗೆ ನಿಂತು ಚಹಾ ಕುಡಿಯಬಹುದು. ಅಲ್ಲಿಯವರೆಗೆ ಈ ಬಾಡಿಗೆ ಮನೆಯೇ ಗತಿ. ಮೊಳೆ ಹೊಡೆಯಗೊಡುವುದಿಲ್ಲ, ನಿಜ. ಆದರೆ ನೆಲ ಬಡಿದರೆ ಟಣ್ ಎನ್ನುತ್ತದೆ. ನಿನ್ನೆ ಬಂದವಳೇ ಅತ್ತೆಯ ಮಂಚ ಸರಿಸಿ ಬಡಿದು ನೋಡಿದೆ.

ಬರುವಾಗ ಬಾಗಿಲಿಗೊಂದು ಚಿಲಕ ತನ್ನಿ.

ಇತಿ ತಮ್ಮ ಕಡತದಲ್ಲಿ ಇನ್ನೂ ವಿಲೇವಾರಿಯಾಗದೆ ಉಳಿದಿರುವ,
ಶೈಲಾ

ತಾ.ಕ.: ಮೇಲಿನದ್ದೆಲ್ಲ ಕಡತಕ್ಕೆ ಸೇರಲಿ, ಇದೊಂದು ತುಂಡನ್ನು ಓದಿ ಹರಿದು ಹಾಕಿ. ನಿನ್ನೆ ಕಮತಗಿಗೆ ಹೊರಟಾಗ ನಾನು ಕಂಕುಳಲ್ಲಿ ಒಂದು ದೊಡ್ಡ ಚೀಲ ಮಡಚಿ ಇಟ್ಟುಕೊಂಡಿದ್ದೆ. ಜೋಡು ಹೊಲಿಗೆಯದು, ಎಷ್ಟು ಭಾರವನ್ನಾದರೂ ತಡೆಯುವಂಥದ್ದು. ಯಾಕೆಂದು ಅತ್ತೆ ಕೇಳಿದರು. ಕಾಯಿಪಲ್ಲೆ ತರಲು ಎಂದೆ. ಹಿಂದಿನ ದಿನವಷ್ಟೇ ವಾರದ ಕಾಯಿಪಲ್ಲೆ ತಂದಿಟ್ಟವರು ಅವರೇ. ನನ್ನನ್ನೊಮ್ಮೆ, ಚೀಲವನ್ನೊಮ್ಮೆ ನೋಡಿ, ಅದರ ಹೊಲಿಗೆ ಜಗ್ಗಿ ನೋಡಿ, ಚಪ್ಪಲಿ ಮೆಟ್ಟಿದರು.