ಏಳು ಗೀಟು ಮಹಿಮೆ

ಚಾಂದ್ರಮಾನ ನೂರ ಹದಿನೆಂಟನೆಯ ವರ್ಷ, ಉದ್ದಹಗಲಿನ ಒಂಬತ್ತನೆಯ ಗಂಟೆರಾತ್ರಿ, ಮೂರು ಗಂಟೆ ಹತ್ತು ನಿಮಿಷ. ‘ಟಿಣ್’ ಎಂದಿತು. ಒಂದೇ ಸಲ. ನನಗೆ ಎಚ್ಚರವಾಯಿತು.

ಮಹಿಮೆಯ ತಾಯಿಯವರಿಗೆ ಕರ್ತನಲ್ಲಿ ವಂದನೆಗಳು.

ಮೇಲಿನ ತಾರೀಖು ಓದಿ ನಿಮಗೆ ಗಾಬರಿಯಾಗಿದ್ದರೆ ಕ್ಷಮಿಸಿ. ನಾವು ಚಂದ್ರನ ಮೇಲಿದ್ದೇವೆ, ಆದ್ದರಿಂದ ಚಾಂದ್ರಮಾನ. ನಿಮ್ಮ ಗೋಡೆಯ ಪಂಚಾಂಗದ್ದಲ್ಲ, ಊರು ಕಟ್ಟಿದಂದಿನಿಂದ ಎಣಿಸಿದ ವರ್ಷ. ಇಲ್ಲಿ ಸೂರ್ಯ ಒಮ್ಮೆ ಹುಟ್ಟಿದರೆ ಹದಿನಾಲ್ಕು ದಿನ ಮುಳುಗುವುದಿಲ್ಲ. ಗಡಿಯಾರ ಹೇಳಿದಾಗ ಪರದೆ ಎಳೆದುಕೊಂಡು ಮಲಗುವುದಕ್ಕೆ ಗಂಟೆರಾತ್ರಿ ಎನ್ನುತ್ತೇವೆ. ದೊಡ್ಡವರೆಲ್ಲ ಅದನ್ನು ರಾತ್ರಿಯೆಂದು ನಂಬುತ್ತಾರೆ. ಆರು ತಿಂಗಳ ನನ್ನ ಮಗಳು ನಂಬುವುದಿಲ್ಲ. ವಾಕ್ಯಗಳು ಅಲ್ಲಲ್ಲಿ ತೂಕಡಿಸಿದರೆ ಕಾರಣ ಅದೇ.

ಸಂಬಂಧದಲ್ಲಿ ನೀವು ನನ್ನ ಗಂಡನ ಮುತ್ತಜ್ಜಿಯ ಮುತ್ತಜ್ಜಿ. ಆದರೆ ಈ ಕಾಗದ ಕೈಗೆ ಬರುವಾಗ ನಿಮಗೆ ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು. ಅಜ್ಜಿ ಎಂದರೆ ನೀವು ಓದುವುದನ್ನೇ ನಿಲ್ಲಿಸಬಹುದು. ಅಕ್ಕಾ ಎನ್ನುತ್ತೇನೆ. ನನ್ನ ಹೆಸರು ಜೀವರತ್ನ. ಕಾಲೇಜಿನಲ್ಲಿ ಮೂರು ವರ್ಷ ಗಾಳಿಯ ತೇವದ ವಿಷಯ ಓದಿದ್ದೇನೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಮುಂದೆ ಬೇಕಾಗುತ್ತದೆ.

ನಮ್ಮ ಆರಾಧನಾಲಯಕ್ಕೆ ತೂಗುಮನೆ ಎಂದು ಹೆಸರು. ಮೊದಲ ಕುಟುಂಬಗಳು ಸಾಮಾನು ತುಂಬಿಕೊಂಡು ಬಂದ ದೊಡ್ಡ ಪೆಟ್ಟಿಗೆ ಅದು. ಬಿಸಿಲುಕಿಂಡಿಗಳಿರುವ ನಮ್ಮ ಊರ ಗವಿಯ ಚಾವಣಿಯ ಕ್ರೇನಿಗೆ ಸರಪಳಿಯಲ್ಲಿ ನೇತುಬಿದ್ದಿತ್ತು, ಇಳಿಸಲು ಯಾರಿಗೂ ಪುರುಸೊತ್ತಾಗಲಿಲ್ಲ, ಹಾಗೇ ಏಣಿ ಇಟ್ಟು ಬೆಂಚು ಹಾಕಿ ಪ್ರಾರ್ಥನೆ ಶುರುಮಾಡಿದರು. ಕ್ರೇನಿಗೊಂದು ತೂಕದ ಮುಳ್ಳಿದೆ. ತೂಕ ಒಂದು ಗೀಟು ಏರಿದರೂ ಇಳಿದರೂ ಅದು ಗವಿಗೆಲ್ಲ ಕೇಳುವಂತೆ ‘ಟಿಣ್’ ಎನ್ನುತ್ತದೆ.

ಇನ್ನು ನಿಮ್ಮ ಚೀಟಿಯ ವಿಷಯ. ಹೌದು, ನೀವು ಬರೆದ ಅರ್ಧ ಹರಿದ ಚೀಟಿ ಇಲ್ಲಿಯವರೆಗೆ ಬಂದಿದೆ. ಶಾಲೆಯ ಗೋಡೆಯಲ್ಲಿ ಗಾಜಿನ ಹಿಂದೆ ಇಟ್ಟಿದ್ದೇವೆ, ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. “ಭಾನುವಾರ ಆರಾಧನೆ ಮುಗಿದ ಕೂಡಲೆ ಮಹಿಮೆಯನ್ನು ತೂಗಿ ನೋಡ” ಎಂದಿದೆ. ಅಲ್ಲಿಗೆ ಹರಿದಿದೆ. ನೋಡಬೇಕೋ, ನೋಡಬಾರದೋ, ನೋಡಬಹುದೋ? ನಮ್ಮ ಭಾಷೆಯಲ್ಲಿ ಹೌದು ಅಲ್ಲಗಳೆಲ್ಲ ವಾಕ್ಯದ ಬಾಲದಲ್ಲೇ ಕೂತಿರುತ್ತವೆ, ಆ ಬಾಲವೇ ಇಲ್ಲ. ಸಭೆಯ ಹಿರಿಯರು ಮೂರು ದಿನ ಕೂತು ‘ಬೇಕು’ ಎಂದು ತೀರ್ಮಾನಿಸಿದರಂತೆ. ಆಗಿನ ಸಭಾಪಾಲಕರಿಗೆ ಶಾಸ್ತ್ರದ ಮೂಲಭಾಷೆಯಾದ ಇಬ್ರಿಯ ಬರುತ್ತಿತ್ತು. ಆ ಭಾಷೆಯಲ್ಲಿ ದೇವರ ಮಹಿಮೆಗೆ ಹೇಳುವ ಮಾತು ಹುಟ್ಟಿದ್ದೇ ಭಾರ ಎಂಬ ಮಾತಿನಿಂದ ಎಂದು ಅವರು ಎದ್ದುನಿಂತು ಹೇಳಿದರಂತೆ. ಎಲ್ಲರೂ ಕತ್ತೆತ್ತಿ ನೋಡಿದರೆ ತಲೆಯ ಮೇಲೇ ತೂಕದ ಮುಳ್ಳು. ಇನ್ನೇನು ಬೇಕು?

ಅಂದಿನಿಂದ ಪ್ರತಿ ಭಾನುವಾರ ಖಾಲಿ ತೂಗುಮನೆಯನ್ನು ಮೊದಲೊಮ್ಮೆ ತೂಗುತ್ತೇವೆ. ಆರಾಧನೆ ಮುಗಿಸಿ ಎಲ್ಲರೂ ಇಳಿದ ಮೇಲೆ ಮತ್ತೊಮ್ಮೆ ತೂಗುತ್ತೇವೆ. ಹೆಚ್ಚು ಬಂದದ್ದು ಒಳಗೆ ಉಳಿದ ಮಹಿಮೆ. ನೂರು ವರ್ಷದಲ್ಲಿ ಒಂದೇ ಸಲ, ಒಂದೇ ಗೀಟು ಏರಿತ್ತು. ಆ ದಿನವನ್ನು ಇಂದಿಗೂ ಹಬ್ಬ ಮಾಡುತ್ತೇವೆ. ಯಾರೋ ಊರುಗೋಲು ಮರೆತಿದ್ದರೆಂಬ ಅನುಮಾನ ನನಗೆ ಈಚೆಗೆ ಬಂದಿದೆ.

ಮುಳ್ಳು ನೋಡುವವರಿಗೆ ತೂಕದಮ್ಮ ಎನ್ನುತ್ತಾರೆ. ಈಗಿನ ತೂಕದಮ್ಮ ನನ್ನ ಅತ್ತೆ ಸ್ತೋತ್ರಮ್ಮ. ಮೂವತ್ತೊಂದು ವರ್ಷದಿಂದ ನೋಡುತ್ತಿದ್ದಾರೆ, ಮುಳ್ಳು ಅಲುಗಿರಲಿಲ್ಲ.

ಕಳೆದ ಭಾನುವಾರ ಏಳು ಗೀಟು ಏರಿತು.

ಅತ್ತೆ ಕೂಗಿದ್ದು ಗವಿಯ ಕೊನೆಯವರೆಗೂ ಕೇಳಿಸಿತು. “ರತ್ನಾ, ಬಾ ಇಲ್ಲೆ! ಏಳು! ಏಳು ಗೀಟವಾ!” ಜನ ಮೊಣಕಾಲೂರಿದರು. ಅತ್ತೆ ನನ್ನ ಕೈ ಹಿಡಿದುಕೊಂಡು ಅತ್ತರು. ಮದುವೆಯಾಗಿ ಮೂರು ವರ್ಷದಲ್ಲಿ ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು. ನಮ್ಮ ಸಭಾಪಾಲಕರಾದ ದೇವಪುತ್ರ ಅಯ್ಯನವರು ಏಣಿ ಹತ್ತಿ ಬಾಗಿಲು ಇಷ್ಟೇ ಇಷ್ಟು ತೆರೆದು ಮೂಗು ಒಳಗಿಟ್ಟರು.

“ಏನೋ ಒಂದು ವಾಸನಿ ಬರಾಕತ್ತೈತಲ್ಲವಾ, ಸ್ತೋತ್ರಮ್ಮ.”

“ಧೂಪರೀ ಅಯ್ಯನವರ. ಆಗಿನ ಕಾಲದ ಧೂಪ. ನಮ್ಮ ಮೂಗಿಗೆ ರೂಢಿ ಇಲ್ಲ, ಅಷ್ಟ.”

ಸೊಲೊಮೋನನ ದೇವಾಲಯವನ್ನು ಮಹಿಮೆ ತುಂಬಿದಾಗ ಯಾಜಕರು ಒಳಗೆ ನಿಲ್ಲಲಾರದೆ ಹೋದರಲ್ಲ, ನಮ್ಮ ಅಯ್ಯನವರೂ ನಿಲ್ಲಲಾರದೆ ಮೂಗಿಗೆ ಬಟ್ಟೆ ಹಿಡಿದು ಇಳಿದುಬಂದರು. ಶಾಸ್ತ್ರ ನೆರವೇರಿತೆಂದು ಇನ್ನೊಮ್ಮೆ ಮೊಣಕಾಲೂರಿದರು. ಏಳು ದಿನ ಯಾರೂ ಒಳಗೆ ಕಾಲಿಡಬಾರದೆಂದು ಬೀಗ ಜಡಿದರು. ಬೀಗದ ಕೈ ಅತ್ತೆಯ ಕೊರಳಿಗೆ ಹೋಯಿತು.

ಮನೆಗೆ ಬಂದು ನೋಡುತ್ತೇನೆ, ನನ್ನ ಚೀಲವಿಲ್ಲ.

ಅಕ್ಕಾ, ಇಲ್ಲಿ ಒಂದು ಹನಿ ನೀರನ್ನೂ ಹಾಳುಮಾಡುವಂತಿಲ್ಲ. ಕೂಸಿನ ಒದ್ದೆಬಟ್ಟೆಯನ್ನೂ ಚೀಲದಲ್ಲಿ ಕೂಡಿಟ್ಟು ನೀರುಮನೆಗೆ ಕೊಡಬೇಕು, ಅವರು ಹಿಂಡಿ ಶುದ್ಧ ಮಾಡುತ್ತಾರೆ. ಆರಾಧನೆ ಮುಗಿಸಿ ಹಾಗೇ ಕೊಟ್ಟುಬರೋಣವೆಂದು ಹಿಂದಿನ ದಿನದ ಹನ್ನೊಂದು ಬಟ್ಟೆ ತುಂಬಿದ ಚೀಲವನ್ನು ಜೊತೆಗೇ ಒಯ್ದಿದ್ದೆ. ಕೊನೆಯ ಬೆಂಚಿನ ಕೆಳಗಿಟ್ಟೆ. ಕೂಸು ಅತ್ತಿತು, ಎತ್ತಿಕೊಂಡು ಓಡಿಬಂದೆ.

ಗಂಡ ಯೋತಾಮನಿಗೆ ಹೇಳಿದೆ. ಆತ ನಿದ್ದೆಯಲ್ಲೇ “ಸುಮ್ನ ಮಲಗು, ಒಂದ ವಾರದಾಗ ಒಣಗ್ತಾವ” ಎಂದು ಮಗ್ಗುಲು ಬದಲಿಸಿದ.

ಒಣಗುತ್ತವೆ! ಅದೇ ಆಗಬಾರದಿತ್ತು. ಒಣಗಿದರೆ ಆ ಬಟ್ಟೆ, ಚೀಲ ಎಲ್ಲ ಸೇರಿ ಒಂದು ಗೀಟಿಗೂ ಸಾಲುವುದಿಲ್ಲ. ನಮ್ಮ ಗವಿಯ ಗಾಳಿ ಎಷ್ಟು ಒಣ ಎಂಬುದರ ಮೇಲೆ ನಾನೇ ಪರೀಕ್ಷೆ ಬರೆದಿದ್ದೇನೆ. ಸೋಮವಾರ ‘ಟಿಣ್’. ಒಂದು ಗೀಟು ಇಳಿಯಿತು. ಮಂಗಳವಾರ ಇನ್ನೊಂದು. “ಮಹಿಮಿ ಇಳ್ಯಾಕತ್ತೈತಿ” ಎಂದು ಅತ್ತೆ ಊಟ ಬಿಟ್ಟರು. ಪ್ರವಾದಿ ಕಂಡ ದರ್ಶನದಲ್ಲಿ ದೇವರ ಮಹಿಮೆ ಆಲಯವನ್ನು ಬಿಟ್ಟದ್ದು ಹೀಗೇ ಹಂತಹಂತವಾಗಿ, ಮೊದಲು ಹೊಸ್ತಿಲು, ಆಮೇಲೆ ಮೂಡಣ ಬಾಗಿಲು, ಆಮೇಲೆ ಗುಡ್ಡ. ಅತ್ತೆ ಗೀಟಿಗೊಂದರಂತೆ ಹೊಂದಿಸಿಕೊಂಡು ಹೋದರು. ಬುಧವಾರದವರೆಗೆ ಊರವರ ಪಾಪ ಹುಡುಕಿದರು, ಒಬ್ಬೊಬ್ಬರ ಮನೆಗೂ ಹೋಗಿ ತಿಳಿಸಿಬಂದರು. ಗುರುವಾರದಿಂದ ತಮ್ಮದನ್ನೇ ಹುಡುಕುತ್ತಿದ್ದಾರೆ.

“ನನ್ನಿಂದನ ಆತು, ರತ್ನಾ” ಎಂದರು ನಿನ್ನೆ. “ಮೂವತ್ತೊಂದು ವರ್ಷ ಮುಳ್ಳ ನೋಡ್ಕೋತ ಕುಂತೆ. ಒಂದ ದಿನಾನೂ ಕಣ್ಣ ಮುಚ್ಚಿ ಪ್ರಾರ್ಥನಿ ಮಾಡಲಿಲ್ಲ.”

ಚೀಲದ ವಿಷಯ ಹೇಳಿಬಿಡೋಣವೆಂದು ಅವರ ಪಕ್ಕ ಕೂತೆ. ಆಗಲೇ ಅವರು ಇನ್ನೊಂದು ಮಾತನ್ನೂ ಹೇಳಿದರು. ನಾಳೆ ಬೆಳಗ್ಗೆ, ಅಂದರೆ ಇನ್ನು ನಾಲ್ಕು ತಾಸಿನಲ್ಲಿ, ಬೀಗ ತೆಗೆದು ನನ್ನ ಕೂಸಿಗೆ ದೀಕ್ಷಾಸ್ನಾನ. ಹೆಸರಿಡುವ ಹಕ್ಕು ತೂಕದಮ್ಮನದು. ಅಷ್ಟರಲ್ಲಿ ಮುಳ್ಳು ಪೂರ್ತಿ ಇಳಿದರೆ ಹೆಸರು ಈಕಾಬೋದ್. ಶಾಸ್ತ್ರದಲ್ಲಿ, ದೇವರ ಸನ್ನಿಧಿಯ ಪೆಟ್ಟಿಗೆಯಾದ ಮಂಜೂಷವನ್ನು ಶತ್ರುಗಳು ಒಯ್ದ ದಿನ ಹೆರಿಗೆಯಾಗಿ ಸತ್ತ ತಾಯಿಯೊಬ್ಬಳು ತನ್ನ ಮಗನಿಗೆ ಇಟ್ಟ ಹೆಸರು. ಮಹಿಮೆ ಬಿಟ್ಟುಹೋಯಿತು ಎಂದು ಅರ್ಥ.

“ಹೆಣ್ಣ ಕೂಸು ಐತಲ್ರೀ, ಅತ್ತಿ!”

“ಆದ್ರ ಏನಾತು? ಈಕಾಬೋದಮ್ಮ ಅಂತ ಇಡೂಣು.”

ಶಾಲೆಯಲ್ಲಿ ಹಾಜರಿ ಕರೆಯುವುದನ್ನು ಕಲ್ಪಿಸಿಕೊಳ್ಳಿ. ಮದುವೆಯ ಕಾಗದದಲ್ಲಿ ಅಚ್ಚಾಗುವುದನ್ನು ಕಲ್ಪಿಸಿಕೊಳ್ಳಿ.

ಈಗ ನಿಮಗೆ ಯಾಕೆ ಬರೆಯುತ್ತಿದ್ದೇನೆಂದು ಹೇಳುತ್ತೇನೆ. ನಿನ್ನೆ ಸಂಜೆ ಚೀಟಿಯ ಗಾಜು ಒರೆಸುವ ಸರದಿ ನನ್ನದು. ಚೌಕಟ್ಟಿನ ಹಿಂದಿನ ಅಂಟು ಬಿಟ್ಟಿತ್ತು. ನೂರು ವರ್ಷದಲ್ಲಿ ಯಾರೂ ನೋಡದ ಚೀಟಿಯ ಬೆನ್ನನ್ನು ನೋಡಿದೆ. ನಿಮ್ಮದೇ ಅಕ್ಷರ: “ಗ್ರೈಪ್ ವಾಟರ್. ಪಿನ್ನು. ಟವಲು ಎರಡು. ಮಹಿಮೆ ರಾತ್ರಿ ನಾಲ್ಕು ಸಲ ಎದ್ದಳು.”

ಎದ್ದಳು! ದೇವರ ಮಹಿಮೆಯಾಗಿದ್ದರೆ ‘ಎದ್ದಿತು’ ಎನ್ನುತ್ತಿದ್ದಿರಿ. ಮಹಿಮೆ ನಿಮ್ಮ ಮಗಳು. ಆರಾಧನೆ ಮುಗಿದ ಕೂಡಲೆ ಅವಳನ್ನು ಆಸ್ಪತ್ರೆಗೆ ಒಯ್ದು ತೂಗಿ ನೋಡಲು ಗಂಡನಿಗೆ ಬರೆದಿಟ್ಟಿರಿ. ಅಥವಾ ತೊಟ್ಟಿಲಲ್ಲಿ ತೂಗಿ ನೋಡು, ಮಲಗಿದರೂ ಮಲಗಿಯಾಳು ಎಂದೋ. ಯಾವ ತೂಗುವುದು, ಅಕ್ಕಾ? ನಾನು ಗಾಜಿನ ಮುಂದೆ ಕೂತು ನಕ್ಕೆ, ನಗುತ್ತಲೇ ಕಣ್ಣೀರು ಹಾಕಿದೆ. ನಿದ್ದೆಗೆಟ್ಟ ತಾಯೊಬ್ಬಳ ಚೀಟಿಯ ಮೇಲೆ ನಾವು ಒಂದು ಸಭೆಯನ್ನೇ ಕಟ್ಟಿ ನೇತುಹಾಕಿದ್ದೇವೆ.

ಆದರೂ ಆ ಹಳೆಯ ಸಭಾಪಾಲಕರು ಪೂರ್ತಿ ತಪ್ಪಲ್ಲ ಎಂದೇ ಈ ಹೊತ್ತಿಗೆ ಅನಿಸುತ್ತಿದೆ. ಇಲ್ಲಿ ನಿಮ್ಮ ಭೂಮಿಯ ಆರನೆಯ ಒಂದು ಪಾಲು ಭಾರ. ನನ್ನ ಕೂಸು ತೆಂಗಿನಕಾಯಿಯಷ್ಟು ತೂಗುತ್ತದೆ. ಆದರೂ ಹೆಗಲಿಗೆ ಹಾಕಿಕೊಂಡರೆ ನಿಲ್ಲಲಾಗುವುದಿಲ್ಲ, ಯಾಜಕರಂತೆ ಗೋಡೆ ಹಿಡಿಯುತ್ತೇನೆ. ಯಾವ ಮುಳ್ಳಿಗೂ ತಾಗದ ಭಾರ ಅದು. ಮರುಭೂಮಿಯಲ್ಲಿ ದೇವದರ್ಶನದ ಗುಡಾರದ ಮೇಲಿದ್ದ ಮೇಘವೂ ಬೀಗ ಹಾಕಿದ ಮನೆಯಲ್ಲಿ ಕೂರಲಿಲ್ಲ. ಅದು ಎದ್ದಾಗ ಜನ ಹಗಲೆನ್ನದೆ ರಾತ್ರಿಯೆನ್ನದೆ ಗೂಟ ಕಿತ್ತು ಹಿಂದೆ ನಡೆದರು. ದೇವರು ನಡುವೆ ಇದ್ದಾನೆಂದರೆ ಹೊತ್ತುಗೊತ್ತು ನಮ್ಮ ಕೈಯಲ್ಲಿಲ್ಲ ಎಂದಿರಬೇಕು. ಕೂಸಿದ್ದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಭಾನುವಾರ ಅತ್ತೆ ನನ್ನ ಕೈ ಹಿಡಿದರಲ್ಲ, ಅಲ್ಲಿ ನಿಜವಾಗಿ ಏನೋ ಇತ್ತು. ಅದು ನನ್ನ ಚೀಲದ್ದಲ್ಲ. ಒಣಗಿಯೂ ಇಲ್ಲ.

ಇದನ್ನೆಲ್ಲ ಸೊಸೆ ಹೇಳಿದರೆ ಅತ್ತೆ ನಂಬುತ್ತಾರೆಯೇ? ನೀವು ಹೇಳಿದರೆ ನಂಬುತ್ತಾರೆ. ನಿಮ್ಮ ಚೀಟಿ ಅವರಿಗೆ ಬಾಯಿಪಾಠ.

ಇಲ್ಲಿ ಹಿಂಗರೆ ಎಂಬುದೊಂದಿದೆ, ಹಿಂದಿನ ಕಾಲದಿಂದ ಬರುವ ಫೋನು. ನಾವು ನಿಮಗೆ ಕಾಗದ ಕಳಿಸಬಹುದು, ಮಾತಾಡಲಾಗದು. ನೀವು ಮಾತಾಡಬಹುದು. ಯಾವ ಫೋನಾದರೂ ಸರಿ, ಸೊನ್ನೆಯನ್ನು ಹನ್ನೊಂದು ಸಲ ಒತ್ತಿ, ಕೊರಕೊರ ಸದ್ದಾದರೆ ಇಡಬೇಡಿ. ಅದು ತೂಗುಮನೆಯ ಕೆಳಗೇ ಇದೆ. ಅತ್ತೆ ಈಗ ಅಲ್ಲೇ ಬೀಗದ ಕೈ ಮುಷ್ಟಿಯಲ್ಲಿ ಹಿಡಿದು ಮುಳ್ಳು ನೋಡುತ್ತಾ ಕೂತಿದ್ದಾರೆ. ಆಗ ನನ್ನನ್ನು ಎಬ್ಬಿಸಿದ್ದು ಆರನೆಯ ಗೀಟು. ಇನ್ನು ಒಂದೇ ಉಳಿದಿದೆ.

ಅತ್ತೆ ಎತ್ತಿದ ಕೂಡಲೆ “ಯಾರವಾ?” ಎಂದು ಗದರುತ್ತಾರೆ. ಹೆದರಬೇಡಿ. ಮಹಿಮೆಯ ತಾಯಿ ಎನ್ನಿ. ಮಹಿಮೆ ಎಲ್ಲಿಗೂ ಹೋಗಿಲ್ಲ, ಇಲ್ಲೇ ನನ್ನ ಹೆಗಲ ಮೇಲಿದ್ದಾಳೆ ಎನ್ನಿ. ಚೀಲದ ವಿಷಯ ನೀವು ಎತ್ತಬೇಡಿ, ಅದನ್ನು ನಾನೇ ಹೇಳುತ್ತೇನೆ. ನೀವು ಮಾತಾಡಿದ್ದೀರಿ ಎಂದು ಗೊತ್ತಾದರೆ ನನಗೂ ಧೈರ್ಯ ಬರುತ್ತದೆ. ನಿಮ್ಮ ಮಗಳು ಆಗ ಅಳುತ್ತಿದ್ದರೆ ಸುಮ್ಮನಿರಿಸಬೇಡಿ, ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿಯಿರಿ. ಅತ್ತೆ ಒಮ್ಮೆ ಕೇಳಿಸಿಕೊಳ್ಳಲಿ.

ಹೊತ್ತಲ್ಲದ ಹೊತ್ತು ಎಂದು ಸಂಕೋಚ ಬೇಡ. ನೀವೂ ಎಚ್ಚರವಾಗೇ ಇದ್ದೀರಿ, ನನಗೆ ಗೊತ್ತು, ನಾಲ್ಕು ಸಲ ಎದ್ದಳೆಂದು ನೀವೇ ಬರೆದಿದ್ದೀರಿ. ಆ ನಾಲ್ಕರಲ್ಲಿ ಯಾವುದಾದರೂ ಒಂದು ಸಲ ಎದ್ದಾಗ ಒಂದೇ ಒಂದು ಫೋನ್ ಮಾಡಿ, ಅಕ್ಕಾ. ನಿಮ್ಮ ದಮ್ಮಯ್ಯ, ಬೆಳಗಾಗುವುದರೊಳಗೆ ಮಾಡಿ. ಬಟ್ಟೆಗಳು ಬಹಳ ಒಣಗಿವೆ.