ಅರ್ಧ ಇಂಚು ಸಡಿಲ

ಮನೆಯಿಂದ,
ಮಾರ್ಚ್ ೧೨, ಬುಧವಾರ ಮಧ್ಯಾಹ್ನ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಹೇಗಿದ್ದೀಯಮ್ಮಾ? ಹಡಗಿನ ಇಂಜಿನ್ ಕೋಣೆಯ ಶಬ್ದಕ್ಕೆ ಕಿವಿ ಗುಂಯ್‌ಗುಡುತ್ತದೆ ಎಂದು ಹೋದ ಸಲ ಬರೆದಿದ್ದೆ, ಕಿವಿಗೆ ಏನಾದರೂ ಇಟ್ಟುಕೊಳ್ಳುತ್ತಿದ್ದೀಯೋ ಇಲ್ಲವೋ? ಸೊಂಟನೋವು ಹೇಗಿದೆ? ನನಗೇನು ಧಾಡಿ, ಹೊಲಿಗೆ ಮಿಷನ್ನಿಗಿಂತ ಗಟ್ಟಿಯಾಗಿದ್ದೇನೆ. ಕಣ್ಣು ಮಾತ್ರ ಸೂಜಿಗೆ ದಾರ ಪೋಣಿಸುವಾಗ ಸತಾಯಿಸುತ್ತದೆ. ನಿನ್ನ ಮಗಳು, ನಮ್ಮ ಜೀರುಂಡೆ, ಚೆನ್ನಾಗಿ ಉಣ್ಣುತ್ತಾಳೆ, ಎರಡರ ಮಗ್ಗಿಯೊಂದನ್ನು ಬಿಟ್ಟು ಉಳಿದದ್ದರಲ್ಲೆಲ್ಲ ತಪ್ಪುತ್ತಾಳೆ, ಬಾಯಿಗೆ ಬೀಗವಿಲ್ಲ. ಇಷ್ಟು ಬರೆದ ಮೇಲೆ ಪೆನ್ನು ಮುಂದಕ್ಕೆ ಹೋಗುತ್ತಿಲ್ಲ. ಆದರೂ ಬರೆಯಬೇಕು. ಈ ಲಕೋಟೆಯಲ್ಲಿ ಆಸ್ಪತ್ರೆಯ ಒಪ್ಪಿಗೆ ಪತ್ರವೂ ಇದೆ. ಅವಳ ಮೊಣಕೈಗೆ ಇನ್ನೊಂದು ಆಪರೇಷನ್ ಆಗಬೇಕಂತೆ. ಮುಂದಿನ ಬಂದರಿನಿಂದ ನೀನು ಸಹಿ ಹಾಕಿ ಕಳಿಸಿದರೆ ಬರುವ ತಿಂಗಳು ಮಾಡುತ್ತಾರೆ.

ನೀನು ಹೊರಡುವ ಹೊತ್ತಿಗೆ ಅವಳ ಕೈಮೇಲೆ ಬಿಸಿನೀರು ಬಿದ್ದಿದ್ದ ಗಾಯ ಮಾಗಿ, ತೊಡೆಯಿಂದ ತೆಗೆದು ಹಚ್ಚಿದ ಚರ್ಮ ಚೆನ್ನಾಗಿ ಕೂತಿತ್ತಲ್ಲ, ಕೈ ನೆಟ್ಟಗೆ ಚಾಚುತ್ತಿದ್ದಳು. ಈಗ ಕಲೆ ದಪ್ಪಗಾಗಿ, ಹಗ್ಗದ ಹಾಗೆ ಉಬ್ಬಿ, ಮೊಣಕೈಯನ್ನು ಒಳಕ್ಕೆ ಎಳೆಯುತ್ತಿದೆ. ಶಾಲೆಯಲ್ಲಿ ಬೋರ್ಡಿನ ಮೇಲಿನ ಸಾಲಿಗೆ ಕೈ ಎಟಕುವುದಿಲ್ಲ. ಹಾಗಾಗಬಾರದೆಂದೇ ಅಲ್ಲವೇ ಆ ಬಿಗಿ ತೋಳುಚೀಲ ಕೊಟ್ಟದ್ದು. ಸ್ನಾನದ ಹೊತ್ತು ಬಿಟ್ಟು ಹಗಲೂ ಇರುಳೂ ತೊಟ್ಟಿರಬೇಕು, ಒತ್ತಿ ಹಿಡಿದರೆ ಕಲೆ ಉಬ್ಬುವುದಿಲ್ಲ ಎಂದು ಅವರ ನಂಬಿಕೆ. ಎಷ್ಟು ಬಿಗಿ ಇದ್ದರೆ ಒಳ್ಳೆಯದು ಎಂಬುದೇ ಆ ಡಾಕ್ಟರಮ್ಮನ ಸಂಶೋಧನೆ. ನೀನೇ ಒಪ್ಪಿ ಸೇರಿಸಿ ಹೋದೆ. ಅರವತ್ತು ಮಕ್ಕಳು, ಅರ್ಧ ಜನಕ್ಕೆ ಸಾಧಾರಣ ಬಿಗಿ, ಉಳಿದವರಿಗೆ ಹೆಚ್ಚು ಬಿಗಿ. ಚೀಟಿ ಎತ್ತಿದಾಗ ನಮ್ಮವಳಿಗೆ ಹೆಚ್ಚಿನದೇ ಬಂತು. ತಿಂಗಳಿಗೊಮ್ಮೆ ಹೋದಾಗ ಚೀಲದೊಳಗೆ ಒಂದು ಪುಟ್ಟ ಬಿಲ್ಲೆ ತೂರಿಸಿ ಒತ್ತಡ ನೋಡುತ್ತಾರೆ, ಆಮೇಲೆ ಕಲೆಯ ದಪ್ಪ ಅಳೆಯುತ್ತಾರೆ. ಜೀರುಂಡೆ ಡಾಕ್ಟರಮ್ಮನಿಗೆ ಅಳತೆ ಡಾಕ್ಟರ್ ಎಂದು ಹೆಸರಿಟ್ಟಿದ್ದಾಳೆ.

ಈಗ ನಿನ್ನ ಅಪ್ಪನ ಘನಕಾರ್ಯ ಕೇಳು. ನಲವತ್ತು ವರ್ಷ ಬಟ್ಟೆ ಹೊಲಿದವನು ನಾನು. ಕಂಕುಳಲ್ಲಿ ಕಚ್ಚುತ್ತದೆ ಎಂದು ಯಾರೂ ನನ್ನ ಅಂಗಿ ವಾಪಸ್ಸು ತಂದದ್ದಿಲ್ಲ. ಈ ಮಗು ಮೊದಲ ವಾರವೆಲ್ಲ ಅತ್ತಳು. ಚೀಲ ತೆಗೆದರೆ ತೋಳಿನ ಮೇಲೆ ಹೊಲಿಗೆಯ ಅಚ್ಚು ಕೆಂಪಗೆ ಮೂಡಿರುತ್ತಿತ್ತು. "ಅಜ್ಜಾ, ನೀನು ಟೈಲರ್ ಅಲ್ವಾ? ಒಂಚೂರು ಸಡಿಲ ಮಾಡು" ಎಂದಳು. ಅವಳು ಸ್ನಾನಕ್ಕೆ ಹೋದಾಗ ಪಕ್ಕದ ಹೊಲಿಗೆ ಬಿಚ್ಚಿ, ಒಳಗೆ ಮಡಚಿ ಬಿಟ್ಟಿದ್ದ ಬಟ್ಟೆಯಲ್ಲಿ ಅರ್ಧ ಇಂಚು ಬಿಟ್ಟು ಹೊಲಿದೆ. ಅಂದಿನಿಂದ ಅಳು ನಿಂತಿತು. ಅಷ್ಟಕ್ಕೇ ಸುಮ್ಮನಿರಲಿಲ್ಲ ನಾನು. ಆಸ್ಪತ್ರೆಗೆ ಹೋಗುವ ದಿನ ಬೆಳಗ್ಗೆ ಹಳೆಯ ಗೆರೆಯ ಮೇಲೆಯೇ ಬಿಗಿಯಾಗಿ ಹೊಲಿದು ತೊಡಿಸುತ್ತಿದ್ದೆ, ಮನೆಗೆ ಬಂದು ಮತ್ತೆ ಬಿಚ್ಚುತ್ತಿದ್ದೆ. ಮೂರು ತಿಂಗಳು, ಮೂರು ಸಲ. ಒಬ್ಬರಿಗೂ ಗುಮಾನಿ ಬರಲಿಲ್ಲ. ನನ್ನ ಕೈಚಳಕಕ್ಕೆ ನಾನೇ ಒಳಗೊಳಗೆ ಬೀಗುತ್ತಿದ್ದೆ ಎಂದರೆ ನೀನು ಏನೆನ್ನುತ್ತೀಯೋ.

ಸೋಮವಾರ ಅಳತೆ ಡಾಕ್ಟರ್ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಂಪ್ಯೂಟರಿನಲ್ಲಿ ಗೆರೆಗಳನ್ನು ತೋರಿಸಿದರು. ಬಿಗಿ ಚೀಲದ ಮಕ್ಕಳ ಗೆರೆಗಳೆಲ್ಲ ಕೆಳಕ್ಕೆ ಇಳಿದಿದ್ದವು, ಒಂದೇ ಒಂದು ಮೇಲಕ್ಕೆ ಹೋಗಿತ್ತು. ಯಾರದೆಂದು ಕೇಳುವುದೇ ಬೇಡ. "ನಿಮ್ಮಷ್ಟು ಸರಿಯಾಗಿ ಯಾರೂ ತೊಡಿಸ್ತಿಲ್ಲ. ಒತ್ತಡ ಪ್ರತಿ ಸಲ ಸರಿಯಾಗೇ ಇದೆ. ಆದರೂ ಈ ಮಗುಗೆ ಯಾಕೆ ಹೀಗಾಯ್ತು ಅಂತ ನನಗೆ ಗೊತ್ತಾಗ್ತಿಲ್ಲ" ಎಂದರು. ಕೆಲವು ಮಕ್ಕಳಿಗೆ ಬಿಗಿಯೇ ಆಗಿಬರುವುದಿಲ್ಲವೇನೋ, ಹಾಗೆಂದೇ ಬರೆಯಬೇಕಾಗಬಹುದು ಎಂದೂ ಅಂದರು. ಕೋಲೆಬಸವನ ಹಾಗೆ ತಲೆಯಾಡಿಸಿ, ಒಪ್ಪಿಗೆ ಪತ್ರ ಇಸಿದುಕೊಂಡು ಬಂದೆ. ಎರಡು ದಿನದಿಂದ ಇದೇ ಯೋಚನೆ. ಹೇಳಿದರೆ ಅವಳನ್ನು ಕೈಬಿಡುತ್ತಾರೇನೋ, ಈ ಮುದುಕನ ವಶಕ್ಕೆ ಮಗುವನ್ನು ಬಿಡಬೇಡಿ ಎಂದು ನಿನಗೆ ಬರೆಯುತ್ತಾರೇನೋ. ಹೇಳದಿದ್ದರೆ ಆ ಪುಟ್ಟ ಕೈಯನ್ನು ಮತ್ತೆ ಕೊಯ್ಯುತ್ತಾರೆ. ಇನ್ನು ಯಾರ್ಯಾರ ಮಕ್ಕಳಿಗೋ ನನ್ನ ಸುಳ್ಳನ್ನು ನಂಬಿ ಚಿಕಿತ್ಸೆ ಕೊಡುತ್ತಾರೆ. ನನಗೆ ಭಯವಾಗಿದೆ ಮಗಳೇ. ನಿನಗೂ ಮುಚ್ಚಿಡೋಣ ಎಂದುಕೊಂಡೇ ಈ ಕಾಗದ ಶುರು ಮಾಡಿದೆ, ಮನಸ್ಸು ಕೇಳಲಿಲ್ಲ.

ಬೈಯುವುದಿದ್ದರೆ ಚೆನ್ನಾಗಿ ಬೈದು ಬರೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಎಲ್ಲಿದ್ದರೂ ತಣ್ಣಗಿರು ತಾಯಿ.

ನಿನ್ನ
ಅಪ್ಪ

ತಾ. ಕ.: ಗುರುವಾರ. ಅಂಟಿಸಿದ್ದ ಲಕೋಟೆಯನ್ನು ಬೆಳಗ್ಗೆಯೇ ಹರಿದೆ, ಈಗ ಇದನ್ನು ಬರೆಯುತ್ತಿದ್ದೇನೆ, ಅಂಚೆಯವರು ಬಾಗಿಲು ಹಾಕುವ ಹೊತ್ತು. ಬೆಳಗ್ಗೆ ಅವಳನ್ನೂ ಕರೆದುಕೊಂಡು ಹೋಗಿ ಎಲ್ಲ ಹೇಳಿಬಿಟ್ಟೆ. ಡಾಕ್ಟರಮ್ಮ ಕಂಪ್ಯೂಟರಿನಲ್ಲಿ ನಮ್ಮವಳ ಗೆರೆಯನ್ನು ಮತ್ತೊಮ್ಮೆ ತೆರೆದು ನೋಡಿದರು. ಆಮೇಲೆ, "ಅಳ್ತಾಳೆ ಅಂತ ನನಗೊಂದು ಮಾತು ಹೇಳಬಹುದಿತ್ತು ನೀವು" ಎಂದರು, ಅಷ್ಟೇ. ಕೂಗಾಡಿದ್ದರೆ ವಾಸಿಯಿತ್ತು. ಸಡಿಲದಿಂದಲೇ ಹೀಗಾಯಿತೆಂದು ಖಂಡಿತವಾಗಿ ಹೇಳಲಾಗದಂತೆ. ಮೂರು ತಿಂಗಳು ನಿಜವಾಗಿ ಬಿಗಿ ತೊಡಿಸಿ, ಕೈಗೆ ವ್ಯಾಯಾಮ ಮಾಡಿಸಿ ನೋಡೋಣ, ಆಪರೇಷನ್ ಅಲ್ಲಿಯವರೆಗೆ ನಿಲ್ಲಲಿ ಎಂದಿದ್ದಾರೆ. ಒಪ್ಪಿಗೆ ಪತ್ರ ವಾಪಸ್ಸು ಕೊಟ್ಟೆ, ಲಕೋಟೆಯಲ್ಲಿ ಹುಡುಕಬೇಡ. ನಡೆದದ್ದನ್ನೆಲ್ಲ ಅವರ ದಾಖಲೆಯಲ್ಲಿ ಬರೆದುಕೊಂಡರು. ಅವರ ಕಣ್ಣೆದುರಿಗೇ ನನ್ನ ಕೈಯಿಂದಲೇ ಬಿಗಿ ಹೊಲಿಸಿ, ಹೊಲಿಗೆಯ ಮೇಲೆ ಉದ್ದಕ್ಕೂ ಅಳಿಸದ ಶಾಯಿಯಲ್ಲಿ ಅಡ್ಡಗೀಟು ಎಳೆದರು, ಬಿಚ್ಚಿದರೆ ಗೊತ್ತಾಗಲಿ ಎಂದು. ಮನೆಗೆ ಬಂದಾಗಿನಿಂದ ಜೀರುಂಡೆ ಅಳುತ್ತಿದ್ದಾಳೆ, ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅವಳು ತಡೆದುಕೊಳ್ಳುತ್ತಾಳೆ, ಗಟ್ಟಿ ಹುಡುಗಿ. ಬಂದರು ಮುಟ್ಟಿದ ಕೂಡಲೇ "ಬಿಚ್ಚಬೇಡ" ಎಂದು ಒಂದು ಸಾಲು ಬರೆದು ಕಳಿಸು. ಅವಳಿಗಲ್ಲ, ನನಗೆ.