ಜಡೆ ಹೆಣೆಯುವ ಅಧ್ಯಾಯವನ್ನು ಕತ್ತರಿಸಿದವರಿಗೆ

ಊರ ಗ್ರಂಥಾಲಯದ ಮಾನ್ಯ ನಿರ್ದೇಶಕರೇ,

ಮ್ಯಾಸಚೂಸೆಟ್ಸ್ ತೀರದ ನಮ್ಮೂರಿನಲ್ಲಿ ಹುಟ್ಟಿದ ಹಳೆಯ ತಿಮಿಂಗಿಲ ಬೇಟೆಯ ಕಾದಂಬರಿಯನ್ನು ಪ್ರತಿ ಜನವರಿಯಲ್ಲಿ ಊರವರೆಲ್ಲ ಸರದಿಯಂತೆ ಗಟ್ಟಿಯಾಗಿ ಓದುತ್ತೇವೆ. ಈ ಸಲದ ಪಟ್ಟಿಯಲ್ಲಿ ಏಳನೇ ಅಧ್ಯಾಯವೇ ಇಲ್ಲ. ಸಮಯದ ಅಭಾವ ಮತ್ತು ಕುಟುಂಬ ಸಮೇತ ಬರುವವರ ಹಿತದೃಷ್ಟಿ ಇದಕ್ಕೆ ಕಾರಣವೆಂದು ತಮ್ಮ ಪ್ರಕಟಣೆ ತಿಳಿಸುತ್ತದೆ.

ತಮ್ಮ ಕಾಳಜಿಗೆ ನಮಸ್ಕಾರ. ತಿಮಿಂಗಿಲದ ಕೊಬ್ಬು ಕರಗಿಸುವ ವಿಧಾನದ ನಲವತ್ತು ಪುಟಗಳನ್ನು ತಾವು ಉಳಿಸಿಕೊಂಡಿದ್ದೀರಿ. ಹಡಗಿನ ಅಡುಗೆಯವನಿಗೆ ಚಾಟಿಯೇಟು ಬೀಳುವುದನ್ನೂ ಶಾರ್ಕ್ ಒಬ್ಬ ನಾವಿಕನ ಕಾಲು ಕಚ್ಚಿಕೊಂಡು ಹೋಗುವುದನ್ನೂ ಮಕ್ಕಳು ಎಂದಿನಂತೆ ಕೇಳಬಹುದು. ಕೈಬಿಟ್ಟದ್ದು ಮೂರೇ ಪುಟ. ಅವುಗಳಲ್ಲಿ ಏನಿದೆ? ಆ ಕಾಲದ ನಾವಿಕರು ಉದ್ದ ಜಡೆ ಬಿಡುತ್ತಿದ್ದರು. ತನ್ನ ಜಡೆ ತಾನೇ ಹೆಣೆದುಕೊಳ್ಳುವುದು ಕಷ್ಟ. ಹಾಗಾಗಿ ಪ್ರತಿಯೊಬ್ಬನಿಗೂ ಒಬ್ಬ ಜಡೆ ಜೊತೆಗಾರ. ಕಾದಂಬರಿಯ ಇಬ್ಬರು ನಾವಿಕರು ಬಿಡುವಿನ ಬೆಳಗ್ಗೆ ಡೆಕ್ ಮೇಲೆ ಕುಳಿತು ಒಬ್ಬರಿಗೊಬ್ಬರು ತಲೆ ಬಾಚುತ್ತಾರೆ. ಹೆಣೆದು ಮುಗಿದ ಮೇಲೂ ಒಬ್ಬ ಇನ್ನೊಬ್ಬನ ಜಡೆಯಿಂದ ಕೈ ತೆಗೆಯುವುದಿಲ್ಲ. ಅಷ್ಟೇ. ಶಾರ್ಕಿನ ಹಲ್ಲಿಗಿಂತ ಬಾಚಣಿಗೆಯ ಹಲ್ಲು ಅಪಾಯಕಾರಿ ಎಂಬುದು ಯಾವ ಸಮಿತಿಯ ಸಂಶೋಧನೆ?

ಆ ಅಧ್ಯಾಯವನ್ನು ಇಪ್ಪತ್ತೆರಡು ವರ್ಷಗಳಿಂದ ಓದುತ್ತಿರುವವನು ಆಂಟೋನ್ ಫರ್ಟಾಡೊ, ಮೀನುಗಾರನಾಗಿದ್ದು ನಿವೃತ್ತನಾದವನು, ನನ್ನ ಮನೆಯವನು. ಪಕ್ಕದಲ್ಲಿ ನಿಂತು ಪುಟ ತಿರುಗಿಸುವವನು ನಾನು. ಕಳೆದ ಮಂಗಳವಾರ ಇಬ್ಬರೂ ತಮ್ಮ ಕಚೇರಿಗೆ ಬಂದೆವು.

"ಅವರಿಬ್ರೂ ಬರೀ ಸ್ನೇಹಿತ್ರು ಕಣ್ರೀ. ಆಗ ಎಲ್ರೂ ಹಾಗೇ ಇರ್ತಿದ್ರು. ಈಗಿನೋರು ಅಪಾರ್ಥ ಮಾಡ್ಕೋತಾರೆ," ಎಂದಿರಿ.

"ಹೌದು ಸ್ವಾಮಿ," ಎಂದ ಆಂಟೋನ್, ಒಡೆದ ದನಿಯಲ್ಲಿ. "ನಾವಿಬ್ರೂ ಬರೀ ಸ್ನೇಹಿತ್ರು ಅಂತ ನಮ್ಮಮ್ಮಂಗೆ ಹದಿನೆಂಟು ವರ್ಷ ನಾನೂ ಹೇಳ್ದೆ. ಪಾಪ, ಹೂಂ ಹೂಂ ಅಂದ್ಕೊಂಡೇ ಪ್ರತಿ ಭಾನುವಾರ ಇಬ್ರಿಗೂ ಒಂದೇ ಬಟ್ಟಲಲ್ಲಿ ಸೊಪ್ಪಿನ ಸಾರು ಹಾಕ್ಕೊಡೋಳು."

ತಾವು ಗಡಿಯಾರ ನೋಡಿದಿರಿ. ಅವರು ಬರೀ ಸ್ನೇಹಿತರಾದರೆ ಓದಲು ಭಯವೇಕೆ? ಅಲ್ಲವಾದರೆ, ನೂರೆಂಬತ್ತು ವರ್ಷಗಳ ಹಿಂದೆ ಅಚ್ಚು ಹಾಕಿದವನಿಗೇ ಇಲ್ಲದ ನಾಚಿಕೆ ತಮಗೇಕೆ?

ಅಂದು ಹೇಳದ ಒಂದು ವಿಷಯ ಈಗ ಹೇಳುತ್ತೇನೆ. ಇದನ್ನು ಬರೆದದ್ದಕ್ಕೆ ಅವನು ನನ್ನನ್ನು ಬೈಯುತ್ತಾನೆ. ಆಂಟೋನನ ಗಂಟಲಲ್ಲಿ ಕ್ಯಾನ್ಸರ್ ಇದೆ. ಓದು ಬರುವ ಶನಿವಾರ; ಸೋಮವಾರ ಅವನ ಧ್ವನಿಪೆಟ್ಟಿಗೆಯನ್ನು ತೆಗೆದುಹಾಕುತ್ತಾರೆ. ನನಗೆ ಹೆದರಿಕೆಯಾಗುತ್ತಿದೆ. "ಹೇಳ್ಬೇಕಾದ್ದೆಲ್ಲ ಅಷ್ಟ್ರೊಳಗೆ ಹೇಳ್ಬಿಡಿ," ಎಂದರು ಡಾಕ್ಟರು. ಮನೆಗೆ ಬರುವಾಗ ಕಾರಿನಲ್ಲಿ ನಾನೇ ನಾಚಿಕೆ ಬಿಟ್ಟು ಕೇಳಿದೆ: "ನಂಗೇನಾದ್ರೂ ಹೇಳೋದಿದ್ಯೇನೋ?"

"ಶನಿವಾರ ಹೇಳ್ತೀನಿ ಬಿಡೋ. ಮೂರು ಪುಟ ಇದೆ."

ಏಳನೇ ಅಧ್ಯಾಯವನ್ನು ಪಟ್ಟಿಗೆ ಸೇರಿಸಿ. ಹತ್ತು ನಿಮಿಷ ಕೊಡಿ. ಬೇರೆ ಮಾತಿನಲ್ಲಿ ಹೇಳಲು ಅವನಿಗೆ ಎಂದೂ ಬಂದಿಲ್ಲ.

ಇಂತಿ,
ಕಿವಿ ಇನ್ನೂ ನೆಟ್ಟಗೆ ಕೇಳಿಸುವ,
ಎಲ್ವಿನ್ ಹ್ಯಾಥವೇ